ತಲಪಾಡಿ ದಾಟಲು ಎರಡು ಪಾಸ್ ಯಾಕೆ? ನಮ್ಮ ಇಬ್ಬರು ಸಂಸದರಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರ.

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ನಾನು ಓಟು ಹಾಕುವುದು ಕಾಸರಗೋಡಿನಲ್ಲಿ, ದುಡಿಯುವುದು ಮಂಗಳೂರಿನಲ್ಲಿ. ಮನೆ ಮಂಜೇಶ್ವರದ ಹತ್ತಿರ. ಬಂದರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಬಸ್ ಹತ್ತಿದರೆ ಒಂದು ಗಂಟೆಯೊಳಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿಯುತ್ತೇನೆ. ಮಕ್ಕಳ ಕಾಲೇಜು, ಮದುವೆ ಜವಳಿ, ಡಾಕ್ಟ್ರು, ಎಲ್ಲದಕ್ಕೂ ನಮ್ಮ ಕಡೆಯವರಿಗೆ ಮಂಗಳೂರೇ. ನಡುವೆ ತಲಪಾಡಿಯಲ್ಲಿ ಕೇರಳ-ಕರ್ನಾಟಕದ ಗಡಿ ಇದೆ ಅನ್ನುವುದು 2020ರ ಮಾರ್ಚ್‌ವರೆಗೆ ನಮಗೆ ಬಸ್ಸಿನ ಬಣ್ಣ ಬದಲಾದಾಗ ಮಾತ್ರ ನೆನಪಾಗುತ್ತಿತ್ತು.

ಕೊರೋನಾ ಕಾಲದಲ್ಲಿ ಆ ಗಡಿ ದಾಟಲು ನಮಗೆ ಎರಡು ರಾಜ್ಯಗಳ ಎರಡು ಪಾಸ್ ಬೇಕಾಯಿತು. ಮುಂದೆ ಹಾಗಾಗದಿರಲಿ, ಒಂದೇ ಪಾಸ್ ಸಾಕಾಗಲಿ ಎಂದು ಕೇಳಲು ಈ ಪತ್ರ. ಕೊರೋನಾ ಹೋಗಿ ಇಷ್ಟು ವರ್ಷ ಆಯಿತಲ್ಲ, ಈಗ ಯಾಕೆ ಈ ವಿಷಯ ಎಂದು ನೀವು ಕೇಳಬಹುದು. ಈಗಲೇ ಎತ್ತಬೇಕು ಸರ್. ಕಾಯಿಲೆ ಬಂದ ಮೇಲೆ ನಿಯಮ ಬರೆಯಲು ಕೂತರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲೇ ನೋಡಿದ್ದೇವೆ.

ಅಪ್ಪನಿಗೆ ಆಗ ಮಂಗಳೂರಿನಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್, ಸೋಮವಾರ ಮತ್ತು ಗುರುವಾರ. ಮಾರ್ಚ್ ಕೊನೆಗೆ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಒಂದು ಗುರುವಾರ ತಪ್ಪಿತು. ಆಮೇಲೆ ಸೋಮವಾರವೂ ತಪ್ಪಿತು. ಅಪ್ಪನ ಕಾಲು ಬಾತುಕೊಂಡಿತು. ಪಾದದ ಮೇಲೆ ಹೆಬ್ಬೆರಳು ಒತ್ತಿದರೆ ಕುಳಿ ಬೀಳುತ್ತಿತ್ತು, ಕೈ ತೆಗೆದ ಮೇಲೂ ಅದು ಹಾಗೇ ಇರುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿಯಿಡೀ ಗೋಡೆಗೆ ಒರಗಿ ಕೂತಿರುತ್ತಿದ್ದರು. ಮೈಯಲ್ಲಿ ನೀರು ಜಾಸ್ತಿಯಾಗುವ ಹೆದರಿಕೆಗೆ ಒಂದು ಲೋಟ ನೀರನ್ನು ಇಡೀ ದಿನಕ್ಕೆ ಇಟ್ಟುಕೊಂಡು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಕೊನೆಗೆ ಆಂಬುಲೆನ್ಸ್‌ನಲ್ಲಿ ಕಣ್ಣೂರಿಗೆ ಕರೆದುಕೊಂಡು ಹೋದೆವು. 100 ಕಿಲೋಮೀಟರಿಗಿಂತ ಜಾಸ್ತಿ ದಾರಿ. ಅವರು ಯಾವಾಗಲೂ ಹೋಗುತ್ತಿದ್ದ ಆಸ್ಪತ್ರೆ ಮನೆಯಿಂದ ಸುಮಾರು 20 ಕಿಲೋಮೀಟರ್.

ಅಪ್ಪ ಉಳಿದರು. ಆ ದಿನಗಳಲ್ಲಿ ಗಡಿ ದಾಟಲಾಗದೆ ಪ್ರಾಣ ಬಿಟ್ಟವರ ಸುದ್ದಿಯನ್ನು ನೀವೂ ಓದಿರುತ್ತೀರಿ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ ತೆರವು ಮಾಡಿಸಿ ಎಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. ರೋಗಿಗಳನ್ನು ಹೇಗೆ ಬಿಡಬೇಕು ಎಂದು ಎರಡೂ ಕಡೆಯವರು ಒಪ್ಪಿದ ಮೇಲೆ ಏಪ್ರಿಲ್ 7ರಂದು ಅಲ್ಲಿ ಕೇಸು ಮುಗಿಯಿತು. ಒಂದು ಆಂಬುಲೆನ್ಸ್ ಸೇತುವೆ ದಾಟಿ ಪಕ್ಕದ ಊರಿಗೆ ಹೋಗಲು ದೆಹಲಿಯವರೆಗೆ ಹೋಗಬೇಕಾಯಿತು, ಅಲ್ವಾ?

ಗಡಿ ಮುಚ್ಚಿದವರ ಹೆದರಿಕೆ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಆ ಹೊತ್ತಿಗೆ ಕೇರಳದಲ್ಲಿ ಅತಿ ಹೆಚ್ಚು ಸೋಂಕಿತರಿದ್ದ ಜಿಲ್ಲೆ ನಮ್ಮದೇ. ಮಂಗಳೂರಿನವರು ತಮ್ಮ ಮನೆಯವರನ್ನು ಕಾಪಾಡಿಕೊಳ್ಳಲು ನೋಡಿದರು. ನಾನು ಅಲ್ಲಿದ್ದರೂ ಹಾಗೇ ಯೋಚಿಸುತ್ತಿದ್ದೆನೇನೋ. ಆದರೆ ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಅನ್ನುವುದಕ್ಕೆ ಒಂದು ಸಾಲು ಕೂಡ ಮೊದಲೇ ಬರೆದಿಟ್ಟಿರಲಿಲ್ಲ. ಮಣ್ಣು ಸುರಿದ ಮೇಲೆ ಎಲ್ಲರಿಗೂ ಒಂದೇ ಲೆಕ್ಕ.

ಇನ್ನು ಪಾಸ್‌ನ ಕಥೆ. ಜೂನ್‌ನಲ್ಲಿ ದಿನಾ ಓಡಾಡುವವರಿಗೆ ಪಾಸ್ ಕೊಡಲು ಶುರು ಮಾಡಿದರು. ನಮಗೆ ತುಂಬಾ ಖುಷಿಯಾಯಿತು. ಆದರೆ ಹೋಗಲು ಆ ರಾಜ್ಯದ ಪಾಸ್, ಸಂಜೆ ಮನೆಗೆ ಬರಲು ಈ ರಾಜ್ಯದ ಪಾಸ್. ಎರಡು ವೆಬ್‌ಸೈಟ್, ಎರಡು ಅರ್ಜಿ, ಎರಡು ಫೋಟೋ, ಎರಡು ಸಲ ಅಂಗಡಿಯವರ ಪತ್ರ. ನಾನು ತುಂಬಿದ ಒಂದು ಫಾರ್ಮ್‌ನಲ್ಲಿ ಹೋಗುವ ದಿನ ಮತ್ತು ವಾಪಸ್ ಬರುವ ದಿನ ಒಂದೇ ಹಾಕಿದರೆ ಮುಂದೆ ಹೋಗುತ್ತಲೇ ಇರಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವವರೂ ಇರುತ್ತಾರೆ ಎಂದು ಅದನ್ನು ಮಾಡಿದವರಿಗೆ ಹೊಳೆದೇ ಇರಲಿಲ್ಲ. ಒಂದು ಪಾಸ್ ಬುಧವಾರ ಬಂತು. ಇನ್ನೊಂದು ಬರುವಷ್ಟರಲ್ಲಿ ಮೊದಲನೆಯದರಲ್ಲಿ ಮೂರು ದಿನ ಖರ್ಚಾಗಿತ್ತು. ಎರಡೂ ಕೈಗೆ ಬಂದ ಮೇಲೆ ಜೂನ್ ಮಳೆಗೆ ಶಾಯಿ ಹರಡದಿರಲಿ ಅಂತ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಅದರೊಳಗೆ ಇಟ್ಟು, ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಬಸ್ ಇರಲಿಲ್ಲ. ತಲಪಾಡಿವರೆಗೆ ಪಕ್ಕದ ಮನೆಯವರ ಬೈಕ್, ಗಡಿ ನಡೆದು ದಾಟುವುದು, ಆಚೆ ಅಂಗಡಿ ಮಾಲೀಕರ ಗಾಡಿ.

ಜುಲೈಯಲ್ಲಿ ಸೋಂಕು ಜಾಸ್ತಿಯಾಯಿತು, ದಿನಾ ಓಡಾಟ ನಿಂತಿತು. ಕೆಲಸ ಬೇಕಿದ್ದರೆ ಅಲ್ಲೇ ಉಳಿಯಬೇಕು. ಅಂಗಡಿಯ ಮಾಳಿಗೆಯಲ್ಲಿ ಚಾಪೆ ಹಾಸಿಕೊಂಡು ಉಳಿದೆ. ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಕೆಲಸ ಪೂರ್ತಿ ಹೆಂಡತಿಯ ಮೇಲೆ ಬಿತ್ತು. ಅವಳು ಒಂದು ದಿನವೂ ದೂರಲಿಲ್ಲ. ಫೋನಿನಲ್ಲಿ ಬರೀ ಅಪ್ಪನ ತೂಕ ಹೇಳುತ್ತಿದ್ದಳು: ಇವತ್ತು ಇಷ್ಟು ಕೆಜಿ ಇಳಿದಿದೆ, ಅಂತ.

2020ರ ಆಗಸ್ಟ್ 22ರಂದು ಕೇಂದ್ರ ಗೃಹ ಕಾರ್ಯದರ್ಶಿಯವರು ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ರಾಜ್ಯದ ಒಳಗಾಗಲಿ ಹೊರಗಾಗಲಿ ಓಡಾಟಕ್ಕೆ ಪ್ರತ್ಯೇಕ ಅನುಮತಿಯಾಗಲಿ ಇ-ಪಾಸ್ ಆಗಲಿ ಕೇಳಬಾರದು ಎಂದರು. ಸಮಾಧಾನವಾಯಿತು. ಆದರೆ 2021ರ ಫೆಬ್ರವರಿಯಲ್ಲಿ ಪಾಸ್ ಹೋಗಿ ಆರ್‌ಟಿಪಿಸಿಆರ್ ಅನ್ನುವ ಕೊರೋನಾ ಪರೀಕ್ಷೆ ಬಂತು. ಕೇರಳದಿಂದ ಬರುವವರ ಹತ್ತಿರ 72 ಗಂಟೆಯೊಳಗಿನ ವರದಿ ಇರಬೇಕು. ಮೂಗಿಗೆ ಕಡ್ಡಿ ಹಾಕಿಸಿಕೊಂಡು, ವರದಿ ಕೈಗೆ ಬರುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ. ಉಳಿದದ್ದು ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಆ ವರ್ಷ ಆಗಸ್ಟ್‌ನಲ್ಲಿ ಮತ್ತೆ ಬಿಗಿ, ಬಸ್ಸುಗಳು ಮತ್ತೆ ತಲಪಾಡಿವರೆಗೆ ಮಾತ್ರ. ಈ ವರದಿಯ ನಿಯಮ ಪೂರ್ತಿ ಹೋಗಿದ್ದು 2022ರ ಫೆಬ್ರವರಿಯಲ್ಲಿ. ಹತ್ತಿರ ಹತ್ತಿರ ಎರಡು ವರ್ಷ ನಾವು ಪ್ರತಿ ವಾರ ಹೊಸ ಸುತ್ತೋಲೆ ಹುಡುಕಿಕೊಂಡು ಬದುಕಿದೆವು.

ನಾನು ಗಡಿ ಬದಲಿಸಿ ಎಂದು ಕೇಳುತ್ತಿಲ್ಲ. 1956ಕ್ಕೆ ಮೊದಲು ನಾವೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು, ಗಡಿ ವಿವಾದ ನೋಡಿದ ಮಹಾಜನ್ ಆಯೋಗ ಚಂದ್ರಗಿರಿ ನದಿಯ ಉತ್ತರಕ್ಕಿರುವ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಿ ಎಂದು ಹೇಳಿದ್ದೂ ಗೊತ್ತು. ಆ ಚರ್ಚೆ ಬೇರೆ. ನನಗೆ ಬೇಕಿರುವುದು ಒಂದು ಚೀಟಿ, ಎರಡೂ ಕಡೆ ನಡೆಯುವಂಥದ್ದು.

ಇದು ಆಗದ ಕೆಲಸವಲ್ಲ. 2020ರ ಜೂನ್ 4ರಂದು ಸುಪ್ರೀಂ ಕೋರ್ಟ್ ದೆಹಲಿ, ಹರಿಯಾಣ, ಉತ್ತರ ಪ್ರದೇಶ ಮೂರೂ ಸೇರಿ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದ (ಎನ್‌ಸಿಆರ್) ಓಡಾಟಕ್ಕೆ ಒಂದೇ ನೀತಿ, ಒಂದೇ ಪೋರ್ಟಲ್ ಮಾಡಿಕೊಳ್ಳಿ, ಒಂದು ವಾರದಲ್ಲಿ ಮಾಡಿ ಎಂದು ಹೇಳಿತು. ನೋಯ್ಡಾದಲ್ಲಿ ಮನೆ, ದೆಹಲಿಯಲ್ಲಿ ಕೆಲಸ ಇರುವವರ ಕಷ್ಟ ಅವರಿಗೆ ಕಂಡಿತು. ಮಂಜೇಶ್ವರದಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ ಇರುವವರ ಕಷ್ಟವೂ ಅದೇ ಅಲ್ವಾ? ಬರೀ ನಮ್ಮ ಮಾತೂ ಅಲ್ಲ. ಬೆಳಗಾವಿ ಕಡೆ, ಹೊಸೂರು ಕಡೆ, ಬಳ್ಳಾರಿ ಕಡೆಯೂ ಜನ ಹೀಗೇ ಗಡಿಯ ಎರಡು ಬದಿಯಲ್ಲಿ ಬದುಕುತ್ತಿದ್ದಾರೆ.

ಹಾಗಾಗಿ ನೀವಿಬ್ಬರೂ ಸೇರಿ, ಪಕ್ಷ ಯಾವುದೇ ಇರಲಿ, ಕೇಂದ್ರ ಗೃಹ ಸಚಿವಾಲಯದ ಮುಂದೆ ಇದನ್ನು ಇಡಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಅವರ ಕೈಯಲ್ಲೇ ಇದೆ. ಮುಂದೆ ಇಂಥ ಕಾಯಿಲೆ ಬಂದರೆ ಗಡಿ ಪಂಚಾಯತಿಗಳಲ್ಲಿ ವಾಸ ಇರುವವರಿಗೆ ಊರಿನ ವಿಲೇಜ್ ಆಫೀಸಿನಲ್ಲೋ ಪಂಚಾಯತಿಯಲ್ಲೋ ರೇಷನ್ ಕಾರ್ಡ್ ನೋಡಿ ಒಂದೇ ಪಾಸ್ ಕೊಡಲಿ, ಅದನ್ನು ಆಚೆ ಕಡೆಯವರೂ ಒಪ್ಪಲಿ. ಮೊಬೈಲ್ ಇಲ್ಲದವರಿಗೂ ಕೈಯಲ್ಲಿ ಬರೆದು ಕೊಡಲಿ. ಫಾರ್ಮ್ ಕನ್ನಡದಲ್ಲೂ ಇರಲಿ, ನಮ್ಮ ಕಡೆ ಮಲಯಾಳಂ ಓದಲು ಬಾರದ ಹಿರಿಯರು ಬೇಕಾದಷ್ಟಿದ್ದಾರೆ. ಪರೀಕ್ಷೆ ಮಾಡಿಸಲೇಬೇಕು ಅಂದರೆ ಗಡಿಯಲ್ಲೇ ಉಚಿತವಾಗಿ ಮಾಡಲಿ, ನಾವು ಯಾರೂ ಬೇಡ ಅನ್ನುವುದಿಲ್ಲ. ಆದರೆ ಡಯಾಲಿಸಿಸ್, ಹೆರಿಗೆ, ಕ್ಯಾನ್ಸರ್ ಚಿಕಿತ್ಸೆ, ಹೃದಯದ ತೊಂದರೆ, ಸಾವು, ಇವುಗಳಿಗೆ ಪಾಸ್ ಬೇಡವೇ ಬೇಡ. ಆಸ್ಪತ್ರೆಯ ಚೀಟಿ ತೋರಿಸಿದರೆ ಬಿಡಬೇಕು. ಉಳಿದದ್ದರಲ್ಲಿ ಹೆಚ್ಚುಕಡಿಮೆ ಆದರೆ ಮಾತಾಡೋಣ, ಇದೊಂದರಲ್ಲಿ ಮಾತ್ರ ಆಗುವುದಿಲ್ಲ.

ಇದರ ಬಗ್ಗೆ ಸಭೆ ಕರೆಯುವುದಾದರೆ ತಲಪಾಡಿಯಲ್ಲೇ ಕರೆಯಿರಿ, ಇಬ್ಬರಿಗೂ ದೂರವಾಗುವುದಿಲ್ಲ. ಭಾನುವಾರ ಇಟ್ಟರೆ ದಿನಾ ಕೆಲಸಕ್ಕೆ ಹೋಗುವವರಿಗೂ ಬರಲು ಅನುಕೂಲ. ನನ್ನ ಎರಡೂ ಪಾಸ್ ಇನ್ನೂ ಇವೆ, ತರುತ್ತೇನೆ.

ಇಂತಿ,
ಮಂಜೇಶ್ವರ ಕಡೆಯ ಒಬ್ಬ ಮತದಾರ