ಚೌಕ ತೂತಿನ ನಾಣ್ಯವೆಲ್ಲ ಚೀನಾದ್ದಲ್ಲ

ಮಾನ್ಯ ಸಂಪಾದಕರೇ,

ಓದುಗರು ಕಳಿಸಿದ ಹಳೆಯ ನಾಣ್ಯಗಳ ಚಿತ್ರ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನಡುವೆ ಚೌಕ ತೂತಿದ್ದರೆ ಸಾಕು, ‘ಪುರಾತನ ಚೀನಾ ನಾಣ್ಯ’ ಎಂಬ ಅಡಿಬರಹ ತಪ್ಪುವುದಿಲ್ಲ. ಅವುಗಳಲ್ಲಿ ಹಲವು ವಿಯೆಟ್ನಾಂನವು. ಹನೋಯ್, ಹೋಯ್ ಆನ್ ಕಡೆ ಪ್ರವಾಸ ಹೋಗಿಬಂದವರ ಕೈಚೀಲದಲ್ಲಿ ಇವು ನಮ್ಮೂರುಗಳಿಗೂ ಬರುತ್ತಿವೆ. ಆದ್ದರಿಂದ ಒಂದು ಕೋರಿಕೆ: ಇಂಥ ಚಿತ್ರ ಅಚ್ಚುಮಾಡುವಾಗ ಎರಡೂ ಬದಿ ಹಾಕಿ. ಜೊತೆಗೆ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ, ತೂಕವನ್ನು ಗ್ರಾಂನಲ್ಲಿ ಕೊಡಿ. ಮುಂಬದಿಯೊಂದನ್ನೇ ನೋಡಿ ವಿಯೆಟ್ನಾಂ ನಾಣ್ಯದ ಬಗೆ ಹೇಳುವುದು ಬಹಳ ಸಲ ಆಗದ ಕೆಲಸ. ಅದೇಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗೊಂದಲಕ್ಕೆ ಕಾರಣ ಸರಳ. ಸುಮಾರು 970ರಲ್ಲಿ ದಿನ್ ಬೋ ಲಿನ್ ದೊರೆ ಎರಕ ಹೊಯ್ಯಿಸಿದ ‘ಥಾಯ್ ಬಿನ್ ಹುಂಗ್ ಬಾವೊ’ದಿಂದ ಹಿಡಿದು 1945ರಲ್ಲಿ ಪಟ್ಟ ಬಿಟ್ಟ ಬಾವೊ ದಾಯ್ ಹೆಸರಿನ ಕೊನೆಯ ತೂತು ಕಾಸಿನವರೆಗೆ ವಿಯೆಟ್ನಾಂ ದೊರೆಗಳ ನಾಣ್ಯದ ಮೇಲೆ ಇರುವುದು ಚೀನೀ ಲಿಪಿಯೇ. ಅದು ಸಾಲದೆಂಬಂತೆ ಅಲ್ಲಿನ ಸಂತೆಯಲ್ಲಿ ಚೀನಾದ ಸಾಂಗ್ ಮನೆತನದ ಕಾಲದ (960–1279) ನಾಣ್ಯಗಳು ಶತಮಾನಗಳ ಕಾಲ ಓಡಾಡಿದವು. 1659ರಿಂದ 1685ರವರೆಗೆ ಜಪಾನಿನ ನಾಗಸಾಕಿಯಲ್ಲಿ ಸಾಂಗ್ ಹೆಸರುಗಳಲ್ಲೇ ರಫ್ತಿಗೆಂದು ಎರಕ ಹೊಯ್ದ ನಾಣ್ಯಗಳೂ ಡಚ್ಚರ ಮತ್ತು ಚೀನೀಯರ ಹಡಗುಗಳಲ್ಲಿ ಅಲ್ಲಿಗೆ ಬಂದಿಳಿದವು. ಹೀಗಾಗಿ ಹನೋಯ್‌ನಲ್ಲಿ ಕೊಂಡ ಒಂದು ಸರದಲ್ಲಿ ಮೂರು ದೇಶಗಳ ನಾಣ್ಯ ಇರಬಹುದು. ಕೊಂಡ ಜಾಗ ಯಾವುದಕ್ಕೂ ಸಾಕ್ಷಿಯಲ್ಲ.

ಮೊದಲು ನಾಣ್ಯವನ್ನು ನೆಟ್ಟಗೆ ಹಿಡಿಯಬೇಕು. ನಾಲ್ಕು ಅಕ್ಷರಗಳಲ್ಲಿ ‘ಬಾವೊ’, ಅಂದರೆ ಸಂಪತ್ತು, ಎಂಬುದನ್ನು ಹುಡುಕಿ: ಮೇಲೆ ಚಾವಣಿ, ಕೆಳಗೆ ಎರಡು ಅಡ್ಡಗೆರೆಗಳಿರುವ ನಿಲುವು ಪೆಟ್ಟಿಗೆ, ಅದರಡಿ ಎರಡು ಪುಟ್ಟ ಕಾಲು. ಅದು ತೂತಿನ ಎಡಕ್ಕೆ ಬರುವಂತೆ ತಿರುಗಿಸಿ. ಓದುವ ಕ್ರಮ ಎರಡು: ಮೇಲೆ, ಕೆಳಗೆ, ಬಲ, ಎಡ, ಇಲ್ಲವೇ ಮೇಲಿನಿಂದ ಗಡಿಯಾರದ ಮುಳ್ಳಿನಂತೆ ಸುತ್ತಿ. ಎರಡರಲ್ಲೂ ಬಾವೊ ಬರುವುದು ಸಾಮಾನ್ಯವಾಗಿ ಎಡಕ್ಕೇ, ಅದರಿಂದಲೇ ಈ ಉಪಾಯ ಕೈಕೊಡುವುದು ಅಪರೂಪ. ಹೆಚ್ಚಿನ ವಿಯೆಟ್ನಾಂ ನಾಣ್ಯಗಳಲ್ಲಿ ಮೇಲಿನ ಮತ್ತು ಕೆಳಗಿನ ಅಕ್ಷರ ಸೇರಿದರೆ ದೊರೆಯ ಆಳ್ವಿಕೆಯ ಹೆಸರು. ಬಲಗಡೆ ಸಾಮಾನ್ಯವಾಗಿ ‘ಥೋಂಗ್’, ಅಂದರೆ ಚಲಾವಣೆಯ ಎಂಬರ್ಥದ ಅಕ್ಷರ. ಎಡದಿಂದ ಇಳಿದು ಅಡಿಯಲ್ಲಿ ಬಲಕ್ಕೆ ಚಾಚಿದ ಉದ್ದ ಬಾಲ ಅದರ ಗುರುತು.

ಮೇಲಿನ ಒಂದೇ ಅಕ್ಷರ ನೋಡಿ ತೀರ್ಮಾನಿಸುವುದು ಹೊಸಬರ ಮೊದಲ ತಪ್ಪು. ಗಿಯಾ ಲೋಂಗ್ (1802–1820) ನಾಣ್ಯಕ್ಕೂ ಚೀನಾದ ಜಿಯಾಚಿಂಗ್ (1796–1820) ನಾಣ್ಯಕ್ಕೂ ಮೇಲಿನ ಅಕ್ಷರ ಒಂದೇ. ಕ್ವಾಂಗ್ ಚುಂಗ್ (1788–1792) ಮತ್ತು ಗುವಾಂಗ್‌ಶು (1875–1908), ಹಾಮ್ ನಿ (1884–85) ಮತ್ತು ಶಿಯೆನ್‌ಫೆಂಗ್ (1851–1861), ದೋಂಗ್ ಖಾನ್ (1885–1889) ಮತ್ತು ತೊಂಗ್‌ಝಿ (1862–1874), ಇವೆಲ್ಲ ಹಾಗೆಯೇ. ವ್ಯತ್ಯಾಸ ಕೆಳಗಿನ ಅಕ್ಷರದಲ್ಲಿದೆ. ಆದರೆ ಸವೆದ ನಾಣ್ಯದಲ್ಲಿ ಅದು ಕಾಣದಿದ್ದರೂ ಹಿಂಬದಿ ತಿರುಗಿಸಿದ ಕೂಡಲೇ ಸಂಶಯ ತೀರುತ್ತದೆ. ಚೀನಾದ ಈ ಕಾಲದ ನಾಣ್ಯಗಳ ಹಿಂದೆ ತೂತಿನ ಎಡಬಲಕ್ಕೆ ಮೇಲಿನಿಂದ ಕೆಳಕ್ಕೆ ಬಳ್ಳಿಯಂತೆ ಇಳಿದ ಮಂಚು ಬರಹ, ಅಂದರೆ ಆಗ ಚೀನಾವನ್ನು ಆಳುತ್ತಿದ್ದ ಮಂಚು ಜನರ ಲಿಪಿ, ಇರುತ್ತದೆ. ವಿಯೆಟ್ನಾಂ ದೊರೆಗಳ ನಾಣ್ಯದಲ್ಲಿ ಆ ಜಾಗ ಸಾಮಾನ್ಯವಾಗಿ ಖಾಲಿ, ಇಲ್ಲವೇ ಚೀನೀ ಅಕ್ಷರ, ಚುಕ್ಕೆ ಅಥವಾ ಅರ್ಧಚಂದ್ರ.

ನಾಲ್ಕಕ್ಕೆ ನಾಲ್ಕೂ ಅಕ್ಷರ ಒಂದೇ ಆದಾಗ ಕಷ್ಟ ಹೆಚ್ಚು. ‘ನುಯೆನ್ ಫೋಂಗ್ ಥೋಂಗ್ ಬಾವೊ’ ವಿಯೆಟ್ನಾಂನ ಚಾನ್ ಮನೆತನದ್ದೂ (1251–1258) ಹೌದು, ಚೀನಾದ ಉತ್ತರ ಸಾಂಗ್ ಕಾಲದ್ದೂ (1078–1085) ಹೌದು, ನಾಗಸಾಕಿಯ ಎರಕದ್ದೂ ಹೌದು. ಇಲ್ಲಿ ಹೆಸರು ಏನನ್ನೂ ಹೇಳುವುದಿಲ್ಲ. ಬರಹದ ಶೈಲಿ, ಅಂಚಿನ ಅಗಲ, ಲೋಹ ಮೂರನ್ನೂ ತೂಗಿ ನೋಡಬೇಕು. ‘ಥುವಾನ್ ಥಿಯೆನ್ ನುಯೆನ್ ಬಾವೊ’ದಲ್ಲಿ ಅಳತೆಯೇ ಸಾಕು: ಲೆ ಲೋಯ್ ದೊರೆಯ (1428–1433) ನಾಣ್ಯ ಸುಮಾರು 24–25 ಮಿ.ಮೀ.; ಅದೇ ಹೆಸರಿನಲ್ಲಿ ಚೀನಾದ ತಾಂಗ್ ಕಾಲದ ಬಂಡಾಯಗಾರ ಶಿ ಸಿಮಿಂಗ್ 8ನೇ ಶತಮಾನದಲ್ಲಿ ಹೊಯ್ಯಿಸಿದ್ದು ಸುಮಾರು 36 ಮಿ.ಮೀ. ಅಗಲದ ದಪ್ಪ ಬಿಲ್ಲೆ. ಪತ್ರಿಕೆಯಲ್ಲಿ ಎರಡೂ ಒಂದೇ ಗಾತ್ರದ ಚಿತ್ರವಾಗಿ ಬಂದರೆ ತಿಳಿದವರೂ ಎಡವುತ್ತಾರೆ.

ಇನ್ನು ಹಿಂಬದಿ. ದಿನ್ ಬೋ ಲಿನ್ ನಾಣ್ಯಗಳಲ್ಲಿ ಕೆಲವಕ್ಕೆ ಹಿಂದೆ ‘ದಿನ್’ ಎಂಬ ಮನೆತನದ ಅಕ್ಷರವಿದೆ. ಅಡ್ಡಗೆರೆಯ ಕೆಳಗೆ ತುದಿ ಬಾಗಿದ ನಿಲುವು ಗೆರೆ, ಅಷ್ಟೇ. 984ರ ಲೆ ಹೋವಾನ್ ನಾಣ್ಯ ‘ಥಿಯೆನ್ ಫುಕ್ ಚಾನ್ ಬಾವೊ’ದ ಹಿಂದೆ ‘ಲೆ’ ಬರುವುದುಂಟು. ಎಂಟು ನೂರು ವರ್ಷ ದಾಟಿ ನುಯೆನ್ ಮನೆತನಕ್ಕೆ ಬಂದರೆ ಹಿಂಬದಿಯ ಅಕ್ಷರ ಲೆಕ್ಕಾಚಾರಕ್ಕೇ ಇಳಿಯುತ್ತದೆ. ಗಿಯಾ ಲೋಂಗ್ ನಾಣ್ಯಗಳ ಹಿಂದೆ ‘ಥಾತ್ ಫಾನ್’ (ಏಳು ಫಾನ್) ಅಥವಾ ‘ಲುಕ್ ಫಾನ್’ (ಆರು ಫಾನ್) ಎಂದಿದ್ದರೆ ಅದು ತೂಕ. ಒಂದು ಫಾನ್ ಸುಮಾರು 0.38 ಗ್ರಾಂ, ಅಲ್ಲಿಗೆ ಏಳಕ್ಕೆ 2.6 ಗ್ರಾಂ ಆಸುಪಾಸು, ಆರಕ್ಕೆ 2.3. ತು ದುಕ್ (1848–1883) ನಾಣ್ಯದ ಹಿಂದೆ ‘ಲುಕ್ ವಾನ್’ ಎಂದಿದ್ದರೆ ಅದು ತೂಕವಲ್ಲ, ಬೆಲೆ: ಈ ಒಂದು ತಾಮ್ರದ ಕಾಸಿಗೆ ಆರು ಸತುವಿನ ಕಾಸು. ‘ಆರು’ ಎರಡರಲ್ಲೂ ಒಂದೇ ಅಕ್ಷರವಾದ್ದರಿಂದ ಜೊತೆಯ ಅಕ್ಷರವನ್ನು ನೋಡಬೇಕು. ಫಾನ್‌ನಲ್ಲಿ ತಲೆಯ ಮೇಲೆ ಎರಡು ಗೆರೆ ಬೇರೆಬೇರೆಯಾಗಿ ಎಡಬಲಕ್ಕೆ ಇಳಿದಿರುತ್ತವೆ. ವಾನ್‌ನಲ್ಲಿ ಚುಕ್ಕೆ, ಅಡ್ಡಗೆರೆ, ಅದರಡಿ ಒಂದನ್ನೊಂದು ಕತ್ತರಿಸುವ ಎರಡು ಕಾಲು. ತು ದುಕ್‌ನ ಸತುವಿನ ನಾಣ್ಯಗಳಲ್ಲಿ ಕೆಲವಕ್ಕೆ ‘ಹಾ ನೋಯ್’, ‘ಸೋನ್ ತಾಯ್’ ಎಂದು ಟಂಕಸಾಲೆಯ ಊರಿದೆ. ಆಮೇಲಿನ ದೊರೆಗಳಾದ ಥಾನ್ ಥಾಯ್, ಜುಯ್ ತಾನ್ ಕಾಲಕ್ಕೆ ‘ಥಾಪ್ ವಾನ್’, ಅಂದರೆ ಹತ್ತು ವಾನ್, ಬರುತ್ತದೆ. ಬಾವೊ ದಾಯ್ ಹೆಸರಿನಲ್ಲಿ ಹತ್ತು ವಾನ್‌ನ ಎರಕದ ನಾಣ್ಯವೂ ಉಂಟು, ಹಿಂಬದಿ ಖಾಲಿ ಇರುವ, ಯಂತ್ರದಲ್ಲಿ ಅಚ್ಚೊತ್ತಿದ ಚಿಕ್ಕದೂ ಉಂಟು. ಒಂದೇ ದೊರೆ, ಒಂದೇ ಮುಂಬದಿ, ಎರಡು ಬಗೆ.

ಬಗೆಗಳ ಸುಗ್ಗಿ ನೋಡಬೇಕಾದರೆ ಕಾನ್ ಹುಂಗ್ (1740–1786) ನಾಣ್ಯಗಳನ್ನೇ ಹಿಡಿಯಬೇಕು. ಆಳ್ವಿಕೆ ದೀರ್ಘ, ಟಂಕಸಾಲೆ ಹಲವು, ಕಳ್ಳ ಎರಕವೂ ಸೇರಿತು. ಬಲಗಡೆಯ ಅಕ್ಷರವೇ ಬದಲಾಗುತ್ತ ಹೋಗುತ್ತದೆ: ಥೋಂಗ್ ಬಾವೊ, ಕು ಬಾವೊ, ವಿನ್ ಬಾವೊ, ಚುಂಗ್ ಬಾವೊ, ತುಯೆನ್ ಬಾವೊ, ಚಿ ಬಾವೊ, ಥುವಾನ್ ಬಾವೊ, ನೋಯ್ ಬಾವೊ, ಜುಂಗ್ ಬಾವೊ, ಇನ್ನೂ ಕೆಲವು. ಹಿಂದೆ ಖಾಲಿ, ಇಲ್ಲವೇ ಸೋನ್ ತಾಯ್, ಸೋನ್ ನಾಮ್, ಕಿನ್ (ರಾಜಧಾನಿ) ಇತ್ಯಾದಿ. ಹೊಸದಾಗಿ ಸಂಗ್ರಹ ಆರಂಭಿಸುವವರಿಗೆ ನನ್ನ ಸಲಹೆ ಇದೊಂದೇ ಹೆಸರು. ಸಿಗುವುದೂ ಸುಲಭ, ಕಣ್ಣು ಪಳಗುವುದೂ ಬೇಗ. ಪ್ರತಿ ನಾಣ್ಯಕ್ಕೂ ಬರೆದಿಡಬೇಕಾದ್ದು: ಬಲಗಡೆಯ ಅಕ್ಷರ; ಥೋಂಗ್ ಆದರೆ ಅದರ ತಲೆ ಚೌಕವೋ ತ್ರಿಕೋನವೋ, ಎಡಗಡೆಯ ಚುಕ್ಕೆ ಒಂದೋ ಎರಡೋ; ಬಾವೊದ ಒಳಗೆರೆಗಳ ರೂಪ; ಎರಡೂ ಬದಿಯ ಅಂಚಿನ ಅಗಲ; ಎರಡು ಕಡೆ ಅಳೆದ ಅಡ್ಡಳತೆ, ತೂತಿನ ಬದಿ, ದಪ್ಪ; 0.01 ಗ್ರಾಂವರೆಗೆ ತೂಕ. ಅಕ್ಷರ ಮಸುಕಾಗಿದ್ದರೆ ಮೇಲೆ ತೆಳು ಕಾಗದವಿಟ್ಟು ಮೆತ್ತನೆಯ ಪೆನ್ಸಿಲ್ ಅಡ್ಡ ಉಜ್ಜಿ, ಅಥವಾ ಬೆಳಕನ್ನು ಪಕ್ಕದಿಂದ ತಗ್ಗಾಗಿ ಬೀಳಿಸಿ ಚಿತ್ರ ತೆಗೆಯಿರಿ. ನೇರ ಫ್ಲ್ಯಾಶ್ ಹೊಡೆದರೆ ಉಬ್ಬು ತಗ್ಗು ಎರಡೂ ಒಂದೇ ಬಣ್ಣವಾಗಿ ಬಿಡುತ್ತದೆ.

ಯಾವುದು ಬಗೆ, ಯಾವುದು ಬರೀ ಎರಕದ ಎಡವಟ್ಟು? ಇಲ್ಲಿ ಮಾರುವವರೂ ಕೊಳ್ಳುವವರೂ ಸೇರಿ ಮೋಸ ಹೋಗುತ್ತಾರೆ. ಈ ನಾಣ್ಯಗಳನ್ನು ಮಾಡುತ್ತಿದ್ದುದು ಮಾದರಿ ನಾಣ್ಯವನ್ನು ಮರಳಿಗೆ ಒತ್ತಿ, ಆ ಕುಳಿಗೆ ಲೋಹ ಹೊಯ್ದು. ಮರಳಿನ ಹರಳೊಂದು ಉದುರಿದರೆ ಆ ಜಾಗದಲ್ಲಿ ಚುಕ್ಕೆ ಏಳುತ್ತದೆ. ಮರಳು ತುಂಬಿದ ಮೇಲು ಕೆಳಗಿನ ಪೆಟ್ಟಿಗೆ ಜರುಗಿದರೆ ಹಿಂಬದಿಯ ಅಂಚು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಇವು ಬಗೆಗಳಲ್ಲ. ಅದೇ ಚುಕ್ಕೆ ಅದೇ ಜಾಗದಲ್ಲಿ ಬೇರೆಬೇರೆ ಕಡೆ ಸಿಕ್ಕ ಹಲವು ನಾಣ್ಯಗಳಲ್ಲಿ ಕಂಡರೆ ಮಾತ್ರ ಅದು ಮಾದರಿಯಲ್ಲೇ ಇತ್ತು, ಅಂದರೆ ಬೇಕೆಂದೇ ಇಟ್ಟದ್ದು ಎನ್ನಬಹುದು. ಒಂಟಿ ನಾಣ್ಯ ತೋರಿಸಿ ‘ಅಪರೂಪದ ಚುಕ್ಕೆ’ ಎನ್ನುವವರಿಗೆ ಹೆಚ್ಚು ಹಣ ಕೊಡಬೇಡಿ.

ಅಳತೆಗೂ ಇದೇ ಎರಕ ಅರ್ಥ ಕೊಡುತ್ತದೆ. ಕಂಚು ಹಿತ್ತಾಳೆಗಳು ಆರುವಾಗ ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗುತ್ತವೆ. ಚಲಾವಣೆಯ 24 ಮಿ.ಮೀ. ನಾಣ್ಯವನ್ನೇ ಮಾದರಿಯಾಗಿಟ್ಟು ಹೊಯ್ದರೆ ಬರುವುದು 23.6, ಅದರ ನಕಲು ಸುಮಾರು 23.3. ಆದ್ದರಿಂದ ಅಕ್ಷರ ಒಂದೇ ಇದ್ದು ಗಾತ್ರ ಇಳಿದಿದ್ದರೆ, ಗೆರೆಗಳು ಮೊಂಡಾಗಿದ್ದರೆ, ಅದು ಆ ಕಾಲದ ಕಳ್ಳ ಎರಕ ಇರಬಹುದು, ಈ ಕಾಲದ ನಕಲೂ ಇರಬಹುದು.

ಎರಡನ್ನು ಬೇರೆ ಮಾಡಲು ಅಂಚಿನ ದಪ್ಪವನ್ನು ಮಸೂರದಲ್ಲಿ ನೋಡಿ. ಹಳೆಯ ನಾಣ್ಯಗಳನ್ನು ಚೌಕ ಸರಳಿಗೆ ಪೋಣಿಸಿ ಒಟ್ಟಿಗೆ ಅರ ಹಾಕುತ್ತಿದ್ದರು. ಆ ಗೀರುಗಳು, ಅವುಗಳ ಮೇಲೆ ಸವೆತ, ಸವೆತದ ಮೇಲೆ ಕಿಲುಬು, ಈ ಕ್ರಮದಲ್ಲಿ ಇರಬೇಕು. ಅಂಚಿನ ನಡುವೆ ಸುತ್ತಲೂ ತೆಳು ಹೊಲಿಗೆಯಂಥ ಗೆರೆ ಇದ್ದರೆ, ಅಸಿಟೋನ್ ತಾಗಿಸಿದ ಹತ್ತಿಗೆ ಹಸಿರು ಬಣ್ಣ ಹತ್ತಿದರೆ, ‘ತಾಮ್ರ’ದ ನಾಣ್ಯ ಅಯಸ್ಕಾಂತಕ್ಕೆ ಅಂಟಿದರೆ, ಒಂದೇ ಅಂಗಡಿಯ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಕುಳಿ ಇದ್ದರೆ ಬಿಟ್ಟು ಬನ್ನಿ. ಪ್ರವಾಸಿ ಬೀದಿಗಳಲ್ಲಿ ಹೆಚ್ಚು ನಕಲಾಗಿರುವುದು ದೊಡ್ಡ ಬಿಲ್ಲೆಗಳು: ಹಿಂದೆ ಎಂಟು ಅಕ್ಷರದ ನುಡಿಯಿರುವ ಮಿನ್ ಮಾಂಗ್ ದೊರೆಯ ನಾಣ್ಯ, ಹತ್ತರಿಂದ ಅರವತ್ತು ವಾನ್‌ವರೆಗಿನ ‘ತು ದುಕ್ ಬಾವೊ ಸಾವೊ’. ನಮ್ಮಲ್ಲಿ ಕೆಂಪು ದಾರದಲ್ಲಿ ಕಟ್ಟಿ ‘ಅದೃಷ್ಟದ ನಾಣ್ಯ’ ಎಂದು ಮಾರುವ ಹಿತ್ತಾಳೆ ಬಿಲ್ಲೆಗಳ ವಿಷಯ ಬಿಡಿ, ಅವು ಅಲಂಕಾರದ ಸಾಮಾನು.

ಬೂದು ಬಣ್ಣದ ಹಗುರ ನಾಣ್ಯವನ್ನು ಕಂಡು ‘ಇದು ಅಲ್ಯೂಮಿನಿಯಂ, ನಕಲಿ’ ಎಂದು ಎಸೆಯುವವರಿದ್ದಾರೆ. ಅದು ಸತು. 18ನೇ ಶತಮಾನದ ನಡುವಿನಿಂದ ದಕ್ಷಿಣದ ನುಯೆನ್ ಪ್ರಭುಗಳು, ಆಮೇಲೆ ನುಯೆನ್ ದೊರೆಗಳು ಸತುವಿನಲ್ಲಿ ಅಪಾರವಾಗಿ ಹೊಯ್ಯಿಸಿದರು. ಆರು ನೂರು ಕಾಸಿನ ಒಂದು ಸರಕ್ಕೆ ಒಂದು ‘ಕ್ವಾನ್’. 1905ರಲ್ಲಿ ಫ್ರೆಂಚರೂ ತೊಂಕಿನ್ (ಉತ್ತರ ವಿಯೆಟ್ನಾಂ) ಪ್ರಾಂತಕ್ಕೆ, ತಮ್ಮ ಅಲ್ಲಿನ ಹಣವಾದ ಪಿಯಾಸ್ತರ್‌ನ ಆರು ನೂರನೇ ಒಂದು ಪಾಲಿನ ಸತುವಿನ ನಾಣ್ಯವನ್ನು ಪ್ಯಾರಿಸ್‌ನಲ್ಲಿ ಅಚ್ಚೊತ್ತಿಸಿದರು. ಅದರ ಮೇಲೆ ಫ್ರೆಂಚ್ ಬರಹ ಇರುವುದರಿಂದ ಗುರುತಿಸಲು ಕಷ್ಟವಿಲ್ಲ. ಹಳೆಯ ಸತು ಒಳಗೊಳಗೇ ಪೆಡಸಾಗಿರುತ್ತದೆ. ಬಾಗಿಸಿ ನೋಡಹೋದರೆ ಎರಡು ತುಂಡು.

ತೊಳೆಯುವ ವಿಷಯದಲ್ಲಿ ಒಂದು ಮಾತು ಕಡ್ಡಾಯ. ದೇವರ ಸಾಮಾನಿನಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿಗೆ ಸತು ಕರಗುತ್ತದೆ. ಹಿತ್ತಾಳೆಯ ಮೇಲ್ಮೈಯ ಸತುವೂ ಹೋಗಿ ಗುಲಾಬಿ ಬಣ್ಣದ ತಾಮ್ರ ಉಳಿಯುತ್ತದೆ. ಬಣ್ಣದ ಜೊತೆಗೆ ಸಾಕ್ಷ್ಯವೂ ಹೋಯಿತು. ಕಂಚಿಗೆ ಮಣ್ಣು ಹತ್ತಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ, ಬಿದಿರ ಕಡ್ಡಿಯಿಂದ ಬಿಡಿಸಿ, ಪೂರ್ತಿ ಒಣಗಿಸಿ. ಸತುವನ್ನು ನೆನೆಸಲೇಬೇಡಿ, ಒಣ ಕುಂಚ ಸಾಕು. ಗಟ್ಟಿ ಹಸಿರು ಕಿಲುಬಿಗೆ ಹೆದರಬೇಕಿಲ್ಲ. ಉಗುರು ತಾಗಿದರೆ ಉದುರುವ ತಿಳಿಹಸಿರು ಪುಡಿ ಮಾತ್ರ ರೋಗ: ಒಳಗಿನ ಕ್ಲೋರೈಡ್ ತೇವ ಕುಡಿದು ಲೋಹ ತಿನ್ನುತ್ತಿದೆ. ಅಂಥದ್ದನ್ನು ಬೇರೆ ಮಾಡಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಮುಚ್ಚಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಹಬ್ಬುತ್ತದೆ. ಮೆದು ಪಿವಿಸಿ ಹಾಳೆಯ ಆಲ್ಬಂ ಬೇಡ, ಅದು ಬಿಡುವ ಆಮ್ಲ ತಾಮ್ರಕ್ಕೆ ಅಂಟು ಹಸಿರು ತರುತ್ತದೆ. ಸತು, ಸೀಸಗಳಿಗೆ ಮರದ ಪೆಟ್ಟಿಗೆಯ ಆವಿಯೂ ಆಗದು.

ಕೊನೆಗೆ ಕಾನೂನು. ವಿಯೆಟ್ನಾಂನಲ್ಲಿ ನೂರು ವರ್ಷ ದಾಟಿದ, ಇತಿಹಾಸದ ಮೌಲ್ಯವುಳ್ಳ ವಸ್ತು ಪುರಾವಸ್ತು. ಅನುಮತಿಯಿಲ್ಲದೆ ದೇಶದಾಚೆ ಒಯ್ಯುವಂತಿಲ್ಲ. ಅಂಗಡಿಯವನು ‘ಏನೂ ಆಗಲ್ಲ’ ಎಂದರೂ ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡಬೇಕಾದವರು ನೀವು. ನಮ್ಮಲ್ಲೂ 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದ ಗೆಳೆಯರೊಂದಿಗೆ ಅಂಚೆಯಲ್ಲಿ ಅದಲುಬದಲು ಮಾಡುವವರು ಇದನ್ನು ಮರೆಯುತ್ತಾರೆ. ಇನ್ನು ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯಗಳ ಗಂಟು ಸಿಕ್ಕರೆ, ಅದು ಯಾವ ದೇಶದ್ದೇ ಇರಲಿ, ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಿಳಿಸುವ ಮುನ್ನ ತೊಳೆಯಬೇಡಿ, ಬಿಡಿಸಬೇಡಿ, ಸಿಕ್ಕ ಮಡಕೆಯ ಚೂರನ್ನೂ ಜೊತೆಗಿಡಿ.

— ನಾಣ್ಯ ಸಂಗ್ರಾಹಕ, ಮೈಸೂರು