ಮೊದಲು ಹಿಂಬರಹ ಕೊಡಿ

ಸಂಪಾದಕರಿಗೆ,

ಗೃಹಲಕ್ಷ್ಮಿಯ 2,000 ರೂಪಾಯಿ ಯಾಕೆ ನಿಂತಿತು ಎಂದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿದರೆ ‘ಐಟಿ ಅಂತ ತೋರಿಸ್ತಿದೆ’, ಅಂದರೆ ದಾಖಲೆಯಲ್ಲಿ ನೀವು ಆದಾಯ ತೆರಿಗೆ ಪಾವತಿದಾರರು, ಎಂಬ ಬಾಯಿಮಾತಿನ ಉತ್ತರ ಸಿಗುತ್ತದೆ; ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಸಿಗುವುದಿಲ್ಲ. ಸಾಲಕ್ಕೆ ಬೇಕೆಂದು ಒಮ್ಮೆ ರಿಟರ್ನ್ಸ್ ಸಲ್ಲಿಸಿ, ಒಂದು ಪೈಸೆ ತೆರಿಗೆ ಕಟ್ಟದವರೂ ಈ ಗೊಂದಲಕ್ಕೆ ಸಿಕ್ಕಿಬೀಳುತ್ತಾರೆ. ಅಂಥವರು ರಿಟರ್ನ್ಸ್ ಸ್ವೀಕೃತಿ ಪತ್ರದಲ್ಲಿ ತೆರಿಗೆ ‘0’ ಎಂದಿರುವ ಸಾಲಿಗೆ ಗುರುತು ಹಾಕಿ ಮನವಿಗೆ ಲಗತ್ತಿಸಬೇಕು.

ಇನ್ನು ಕೆಲವರ ಹಣ ನಿಂತೇ ಇರುವುದಿಲ್ಲ, ಬೇರೆ ಖಾತೆಗೆ ಹೋಗಿರುತ್ತದೆ. ಖಾತೆಗೆ ಆಧಾರ್ ಕೊಟ್ಟಿದ್ದರೆ ಮುಗಿಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ನೇರ ನಗದು ವರ್ಗಾವಣೆಯ ಹಣ ಹೋಗುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದಾಗ ಆಧಾರ್ ಜೋಡಣೆಯ ಒಪ್ಪಿಗೆ ಫಾರಂಗೂ ಸಹಿ ಬಿದ್ದಿರುತ್ತದೆ. ಮಹಿಳೆ ಮಾತ್ರ ಹಳೆಯ ಪಾಸ್‌ಬುಕ್ಕನ್ನೇ ಎಂಟ್ರಿ ಮಾಡಿಸುತ್ತಿರುತ್ತಾಳೆ. ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್’ ಸ್ಥಿತಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅರ್ಜಿ ಬರೆಯುವ ಮೊದಲು ಇದನ್ನು ನೋಡಿ.

ಅಲ್ಲೂ ಸರಿಯಿದ್ದರೆ ಕೇಳಬೇಕಾದದ್ದು ಹಿಂಬರಹ. ಹೊಸ ಅರ್ಜಿಯಾದರೆ ಸಕಾಲದ (ನಿಗದಿತ ಅವಧಿಯಲ್ಲಿ ಸೇವೆ ಕೊಡಬೇಕೆನ್ನುವ ಕಾಯ್ದೆ) 15 ಅಂಕಿಯ ಜಿಎಸ್‌ಸಿ ಸ್ವೀಕೃತಿ ಸಂಖ್ಯೆ ಇರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. ಬರುತ್ತಿದ್ದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ ನಿಂತಿತೆಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಮನವಿಗೆ ಅಂಥ ಸಂಖ್ಯೆ ಬರುವುದಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ವಿಭಾಗದ ಮುದ್ರೆ, ದಿನಾಂಕ ಹಾಕಿಸಿಕೊಳ್ಳದಿದ್ದರೆ ಮನವಿ ಕೊಟ್ಟದ್ದಕ್ಕೆ ಸಾಕ್ಷಿಯೇ ಇಲ್ಲ. ಪಡಿತರದ ದೂರಾದರೆ 2013ರ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ, ಅಲ್ಲಿಂದ ರಾಜ್ಯ ಆಹಾರ ಆಯೋಗಕ್ಕೆ ಹೋಗಬಹುದು.

ಇಷ್ಟಕ್ಕೆಲ್ಲ ವಕೀಲರ ಫೀಸು ಕೊಡಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಉಳಿದವರಿಗೂ ಆದಾಯದ ಬಗ್ಗೆ ಸಾಮಾನ್ಯವಾಗಿ ಒಂದು ಅಫಿಡವಿಟ್ ಸಾಕು ಎನ್ನುತ್ತದೆ 13ನೇ ಸೆಕ್ಷನ್. ಸಹಾಯವಾಣಿ 15100. ಬಡತನ ನಿವಾರಣಾ ಯೋಜನೆಗಳನ್ನು ಫಲಾನುಭವಿಗಳಿಗೆ ತಲುಪಿಸಲೆಂದೇ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) 2015ರಲ್ಲಿ ಪ್ರತ್ಯೇಕ ಯೋಜನೆ ಮಾಡಿದೆ. ಆದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ಕೋರ್ಟ್ ಆವರಣದಲ್ಲಿ. ಕೋರ್ಟು ಮೆಟ್ಟಿಲು ಹತ್ತಬಾರದು ಎಂದು ಕೇಳುತ್ತಲೇ ಬೆಳೆದವರು ಅಲ್ಲಿಗೆ ಯಾಕೆ ಹೋದಾರು? ಹೋದರೂ, ಯಾವ ಆದೇಶದ ವಿರುದ್ಧ ಮೇಲ್ಮನವಿ ಎಂದು ವಕೀಲರು ಕೇಳಿದಾಗ ತೋರಿಸಲು ಕಾಗದವಿಲ್ಲ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಗದ್ದಲವಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಮೊದಲೇ ನೋಟಿಸ್ ಕೊಟ್ಟು ವಿವರಣೆ ಕೇಳಿದ್ದರೆ ಆ ಪರದಾಟವೇ ಇರುತ್ತಿರಲಿಲ್ಲ. ಆದ್ದರಿಂದ ಯಾವುದೇ ಸೌಲಭ್ಯ ನಿಲ್ಲಿಸುವ ಮುನ್ನ ಕಾರಣ, ಮಾಹಿತಿ ಕೊಟ್ಟ ಇಲಾಖೆ, ಮೇಲ್ಮನವಿ ಎಲ್ಲಿಗೆ, ಎಷ್ಟು ದಿನದೊಳಗೆ ಎಂಬಿಷ್ಟನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ. ಪಿಂಚಣಿ ಅದಾಲತ್ ನಡೆಯುವ ದಿನ ಕಾನೂನು ಸೇವಾ ಸಮಿತಿಯ ಸ್ವಯಂಸೇವಕರೊಬ್ಬರು ತಾಲ್ಲೂಕು ಕಚೇರಿಯಲ್ಲೇ ಕುಳಿತಿರಲಿ.

– ಕಾನೂನು ನೆರವು ಸ್ವಯಂಸೇವಕರು