ಮಗಳಿಗೊಂದು ಪತ್ರ: ಯಾರು, ಏನು, ಯಾವಾಗ

ಪ್ರೀತಿಯ ಪುಟ್ಟಿ,

ನಿನ್ನ ವರದಿಯ ಮೊದಲ ಪುಟ ಓದಿದೆ. ಅದರ ಕೆಳಗೆ "ಅಪ್ಪ, ನಂಗೆ ಬರೆಯೋಕೆ ಬರಲ್ಲ" ಅಂತ ಸೇರಿಸಿದ್ದೆಯಲ್ಲ, ಆ ಸಾಲನ್ನೂ ಓದಿದೆ. ನಿಜ ಹೇಳಬೇಕೆಂದರೆ ಆ ಸಾಲು ವರದಿಗಿಂತ ಚೆನ್ನಾಗಿತ್ತು. ನಾಲ್ಕೇ ಪದ. ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದೀಯ.

ಬರೆಯೋಕೆ ಬರಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಆಫೀಸಿನ ಕಥೆ ಹೇಳುವಾಗ ಯಾರು ಏನು ಮಾಡಿದರು, ಯಾರು ಮಾಡಲಿಲ್ಲ, ಯಾರು ಯಾವಾಗ ಕೈಕೊಟ್ಟರು ಅಂತ ಎಷ್ಟು ಸರಿಯಾಗಿ ಹೇಳುತ್ತೀಯ! ಅದೇ ಸಂಗತಿ ಕಾಗದಕ್ಕೆ ಇಳಿಯುವ ಹೊತ್ತಿಗೆ ಮನುಷ್ಯರೆಲ್ಲ ಮಾಯವಾಗಿರುತ್ತಾರೆ. ನಿನ್ನ ವರದಿಯ ಮೂರನೇ ವಾಕ್ಯ ನೋಡು:

"ಕಳೆದ ವಾರದ ಸಭೆಯಲ್ಲಿ ಚರ್ಚಿಸಲಾದಂತೆ ಪರೀಕ್ಷೆಯ ಕಾರ್ಯವನ್ನು ಕೈಗೊಳ್ಳಲಾಗಿದ್ದು, ಕೆಲವು ತಾಂತ್ರಿಕ ಕಾರಣಗಳಿಂದಾಗಿ ಅದು ಪೂರ್ಣಗೊಳ್ಳುವಲ್ಲಿ ವಿಳಂಬವಾಗಿರುತ್ತದೆ."

ಇದನ್ನು ಓದಿ ನಿನ್ನ ಮೇಲಿನವರು ಏನು ಮಾಡಬೇಕು? ಕಾಯಬೇಕಾ, ಬೈಯಬೇಕಾ, ಸಹಾಯ ಮಾಡಬೇಕಾ? ನನಗೆ ಗೊತ್ತಾಗಲಿಲ್ಲ. ಅದಕ್ಕೇ ಫೋನ್ ಮಾಡಿ ಏನಾಯಿತು ಅಂತ ಕೇಳಿದ್ದು. ಆಗ ನೀನು ಹೇಳಿದ್ದನ್ನು ಹಾಗೇ ಬರೆದಿಟ್ಟುಕೊಂಡಿದ್ದೇನೆ:

"ಪರೀಕ್ಷೆ ಇನ್ನೂ ಮುಗಿದಿಲ್ಲ. ಎರಡನೇ ಕಂತಿನ ಡೇಟಾ ನಮ್ಮ ಕೈಗೆ ಬಂದಿಲ್ಲ. ಸೋಮವಾರ ಸಿಕ್ಕರೆ ಗುರುವಾರ ಮುಗಿಸಿ ಕೊಡುತ್ತೇವೆ. ಬೇಗ ಕಳಿಸಿ ಅಂತ ಡೇಟಾ ಕೊಡುವ ತಂಡಕ್ಕೆ ಅವರೊಂದು ಮಾತು ಹೇಳಿದರೆ ಸಾಕು."

ಮೇಲಿನವರನ್ನು 'ಅವರು' ಅಂದದ್ದನ್ನು 'ನೀವು' ಮಾಡು, ವರದಿ ಆಯಿತು. ಓದಿದವರಿಗೆ ಕೆಲಸ ಎಲ್ಲಿ ನಿಂತಿದೆ, ಯಾಕೆ ನಿಂತಿದೆ, ತಾವೇನು ಮಾಡಬೇಕು ಅಂತ ಗೊತ್ತಾಯಿತು. ತಾಂತ್ರಿಕ ಕಾರಣ, ತಾಂತ್ರಿಕ ಕಾರಣ ಅಂತ ಬರೆದಿದ್ದೀಯಲ್ಲ, ಡೇಟಾ ಬಂದಿಲ್ಲ ಅನ್ನುವುದರಲ್ಲಿ ತಾಂತ್ರಿಕ ಏನಿದೆ ಹೇಳು.

ಕೆಲಸದಲ್ಲಿದ್ದಷ್ಟು ದಿನವೂ ಬೇರೆಯವರ ವರದಿ ತಿದ್ದಿದವನು ನಾನು. 'ಮಾಡಲಾಗಿದೆ', 'ತಿಳಿಸಲಾಗಿದೆ', 'ಪರಿಶೀಲಿಸಲಾಗುವುದು' ಅಂತ ಕಂಡ ಕಡೆಯಲ್ಲೆಲ್ಲ ಅಂಚಿನಲ್ಲಿ "ಯಾರು?" ಅಂತ ಬರೆದು ವಾಪಸ್ ಕಳಿಸುತ್ತಿದ್ದೆ. ಎಷ್ಟೋ ಸಲ ಆ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. ಪರಿಶೀಲಿಸುವ ಕೆಲಸವನ್ನು ಯಾರಿಗೂ ಒಪ್ಪಿಸಿಯೇ ಇರುತ್ತಿರಲಿಲ್ಲ! ವಾಕ್ಯ ಮಾತ್ರ ಗಂಭೀರವಾಗಿ ನಿಂತಿರುತ್ತಿತ್ತು. ಹೆಸರು ಹಾಕಿ ಬರೆಯಲು ಹೊರಟರೆ ಇಂಥ ತೂತುಗಳು ನಮಗೇ ಮೊದಲು ಕಾಣುತ್ತವೆ. ಆಮೇಲೆ ವಾಕ್ಯ ತಿದ್ದುವುದಕ್ಕಿಂತ ಮುಂಚೆ ಕೆಲಸವನ್ನೇ ತಿದ್ದಬೇಕಾಗುತ್ತದೆ. ಬರೆಯುವುದು ಬೇಜಾರು ಅನ್ನಿಸುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.

'ಲಾಗಿದೆ'ಯನ್ನು ಪೂರ್ತಿ ಬಿಟ್ಟುಬಿಡು ಅಂತಲ್ಲ. 'ರಸ್ತೆ ಮುಚ್ಚಲಾಗಿದೆ' ಅನ್ನುವ ಬೋರ್ಡ್ ನೋಡಿ ಯಾರು ಮುಚ್ಚಿದರು ಅಂತ ಯಾರೂ ಕೇಳಲ್ಲ. ಮಾಡಿದವರು ಮುಖ್ಯವಲ್ಲದ ಕಡೆ ಇರಲಿ.

ಇನ್ನೊಂದು ವಿಷಯ ವಾಕ್ಯದ ಉದ್ದ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಓದುವವರು ಯಾರು, ಯಾರಿಗೆ, ಯಾಕೆ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡು ಕೊನೆಯವರೆಗೂ ನಡೆಯಬೇಕು. ಅಷ್ಟು ದೂರ ಹೊತ್ತುಕೊಂಡು ಹೋದ ಮೇಲೆ 'ಆಗುವುದಿಲ್ಲ' ಅಂತ ಸಿಕ್ಕರೆ ಕೋಪ ಬರದೆ ಇರುತ್ತಾ? ಬರೆದಾದ ಮೇಲೆ ಒಂದು ಸಲ ಬಾಯಿಬಿಟ್ಟು ಓದು. ಉಸಿರು ಸಾಲದ ಕಡೆ ವಾಕ್ಯ ಮುರಿ. 'ಆಗಿದ್ದು', 'ಇರುವುದರಿಂದ', 'ಮತ್ತು' ಇವುಗಳ ಪಕ್ಕದಲ್ಲೇ ಸಾಮಾನ್ಯವಾಗಿ ಮುರಿಯಲು ಜಾಗ ಸಿಗುತ್ತದೆ. ಹಾಗೇ ಮೊದಲ ಪ್ಯಾರಾ ಇಲ್ಲದೆ ಪತ್ರ ನಡೆಯುತ್ತದಾ ಅಂತಲೂ ನೋಡು. ತುಂಬ ಸಲ ನಡೆಯುತ್ತದೆ. ಆ ಪ್ಯಾರಾ ಬರೆಯುವಾಗ ನಾವು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಾ ಇರುತ್ತೇವೆ.

ಈಗ ಮೊಬೈಲಿಗೆ ಹೇಳಿದರೆ ಅದೇ ಪತ್ರ ಬರೆದುಕೊಡುತ್ತೆ, ಇಷ್ಟೆಲ್ಲ ಯಾಕೆ ಅಂತ ನೀನು ಕೇಳಬಹುದು. ಬರೆದುಕೊಡಲಿ. ಆದರೆ ಎರಡನೇ ಕಂತು ಬಂದಿಲ್ಲ ಅಂತ ಅದಕ್ಕೆ ಗೊತ್ತಿರಲ್ಲ. ನೀನು ಹೇಳದಿದ್ದರೆ ಅದೂ ತಾಂತ್ರಿಕ ಕಾರಣ ಅಂತಲೇ ಬರೆಯುತ್ತದೆ. ಮೊದಲ ಕರಡು ನಿನ್ನದಿರಲಿ. ಕಾಗುಣಿತ ನೋಡಲು, ಬಿಟ್ಟುಹೋದದ್ದು ಹುಡುಕಲು ಆಮೇಲೆ ಧಾರಾಳವಾಗಿ ಬಳಸು.

ಬರೆದಿಟ್ಟುಕೊಳ್ಳುವ ವಿಷಯಕ್ಕೆ ಬರುತ್ತೇನೆ. ಮೀಟಿಂಗ್ ಆದ ಮೇಲೆ "ನೆನಪಿರುತ್ತೆ ಬಿಡು" ಅನ್ನುವುದು ನಿನ್ನ ಅಭ್ಯಾಸ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ಗಂಟೆ ಕಳೆಯುವಷ್ಟರಲ್ಲೇ ಅರ್ಧಕ್ಕಿಂತ ಜಾಸ್ತಿ ಕೈಬಿಟ್ಟಿತ್ತು. ಮೀಟಿಂಗಿನ ಮಾತಿಗೆ ಅರ್ಥ ಇರುತ್ತಲ್ಲ, ಅಷ್ಟು ಬೇಗ ಮರೆಯಲ್ಲ ಅನ್ನಬೇಡ. ನಾನು ಕೂತಿದ್ದ ಎಷ್ಟೋ ಮೀಟಿಂಗುಗಳು ಅವನ ಪ್ರಯೋಗಕ್ಕೆ ಹೇಳಿ ಮಾಡಿಸಿದ ಹಾಗಿದ್ದವು.

ಅದಕ್ಕೆ ಹೊರಗೆ ಬಂದ ತಕ್ಷಣ ಮೂರು ಸಾಲು ಬರೆ. ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಯಾವತ್ತಿಗೆ. ಅದನ್ನು ಅವತ್ತೇ ಎಲ್ಲರಿಗೂ ಕಳಿಸಿ "ನಾನು ತಪ್ಪು ತಿಳಿದಿದ್ದರೆ ಹೇಳಿ" ಅಂತ ಸೇರಿಸು. ಒಬ್ಬರಾದರೂ "ನಾನು ಹಾಗೆ ಹೇಳಲೇ ಇಲ್ಲ" ಅನ್ನುತ್ತಾರೆ. ಅವತ್ತೇ ಅಂದರೆ ಒಳ್ಳೆಯದು. ತಿಂಗಳಾದ ಮೇಲೆ ಅಂದರೆ ಅದು ಜಗಳ.

ನೀನು ಕೆಲಸದ ಮುಂಚೆ ಪಟ್ಟಿ ನೋಡಿ ಟಿಕ್ ಹಾಕುವುದನ್ನು ಕಂಡು ಸೀನಿಯರ್ ಒಬ್ಬರು ನಕ್ಕರು ಅಂದೆಯಲ್ಲ, ಅವರಿಗೆ ಈ ಕಥೆ ಹೇಳು. 1935ರ ಅಕ್ಟೋಬರ್ 30ರಂದು ಅಮೆರಿಕದ ಸೇನೆಯವರು ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವನ್ನು ಹಾರಿಸಿ ನೋಡುತ್ತಿದ್ದರು. ಮಾಡೆಲ್ 299 ಅಂತ ಅದರ ಹೆಸರು. ನಾಲ್ಕು ಎಂಜಿನ್. ಓಡಿಸುತ್ತಿದ್ದವರು ನುರಿತ ಪೈಲಟ್. ವಿಮಾನ ನೆಲ ಬಿಟ್ಟು ಮೇಲೇರಿದ್ದೇ ತಿರುಗಿ ಬಿದ್ದು ಹೊತ್ತಿ ಉರಿಯಿತು. ಇಬ್ಬರು ಸತ್ತರು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ವಿಮಾನ ನಿಂತಿದ್ದಾಗ ಗಾಳಿಗೆ ರೆಕ್ಕೆ, ಬಾಲದ ಭಾಗಗಳು ಹೊಯ್ದಾಡದಂತೆ ಹಾಕುವ ಒಂದು ಲಾಕ್ ಇತ್ತು. ಅದನ್ನು ತೆಗೆಯಲು ಮರೆತಿದ್ದರು. ಅಷ್ಟೇ. ಆಮೇಲೆ ಸೇನೆಯ ಪೈಲಟ್‌ಗಳು ಹಾರುವ ಮುಂಚೆ ನೋಡಬೇಕಾದ್ದನ್ನೆಲ್ಲ ಪಟ್ಟಿ ಮಾಡಿಕೊಂಡರು. ಅದೇ ಮಾದರಿಯ ವಿಮಾನ ಮುಂದೆ ಬಿ-17 ಅಂತ ಸಾವಿರಗಟ್ಟಲೆ ತಯಾರಾಯಿತು. ಇವತ್ತಿಗೂ ಎಷ್ಟೇ ಅನುಭವ ಇರಲಿ, ಪೈಲಟ್‌ಗಳು ಚೆಕ್‌ಲಿಸ್ಟ್ ನೋಡದೆ ಹೊರಡುವುದಿಲ್ಲ. ಕೆಲಸ ಬರದವರು ಪಟ್ಟಿ ನೋಡುತ್ತಾರೆ ಅನ್ನುವುದು ಸುಮ್ನೆ ಮಾತು. ದಿನಾ ಮಾಡಿ ಕೈ ಪಳಗಿದ ಕೆಲಸದಲ್ಲೇ ಒಂದು ಹೆಜ್ಜೆ ತಪ್ಪಿಹೋಗುವುದು ಜಾಸ್ತಿ. ಪಟ್ಟಿ ಮಾತ್ರ ಚಿಕ್ಕದಿರಲಿ. ಎರಡು ಪುಟವಾದರೆ ನೀನೇ ಓದದೆ ಟಿಕ್ ಹಾಕಲು ಶುರುಮಾಡುತ್ತೀಯ.

ಸಹಾಯ ಕೇಳುವುದಕ್ಕೂ ಒಂದು ರೀತಿ ಇದೆ. "ಆಗ್ತಿಲ್ಲ, ನೋಡ್ತೀರಾ?" ಅಂದರೆ ಎದುರಿನವರು ಮೊದಲಿಂದ ಶುರುಮಾಡಬೇಕು. ಏನು ಮಾಡಲು ಹೊರಟೆ, ಏನೇನು ಮಾಡಿ ನೋಡಿದೆ, ಎಲ್ಲಿ ನಿಂತಿತು ಅಂತ ಬರೆದು ಕೇಳು. ಇದನ್ನು ಬರೆಯುತ್ತಿರುವಾಗಲೇ ಉತ್ತರ ಹೊಳೆದು, ಮೆಸೇಜ್ ಕಳಿಸುವ ಅಗತ್ಯವೇ ಇಲ್ಲದಂತಾಗುವುದೂ ಉಂಟು. ಇನ್ನು ಕೆಟ್ಟ ಸುದ್ದಿ. ಗುರುವಾರ ಆಗಲ್ಲ ಅಂತ ಮಂಗಳವಾರವೇ ಗೊತ್ತಾದರೆ ಮಂಗಳವಾರವೇ ಹೇಳು. ಆಗ ಇನ್ನೂ ಏನಾದರೂ ಮಾಡಲು ಎರಡು ದಿನ ಇರುತ್ತದೆ. ಗುರುವಾರ ಸಂಜೆ ಹೇಳಿದರೆ ಕೇಳುವವರಿಗೆ ಉಳಿಯುವುದು ಬೈಯುವುದೊಂದೇ.

ಕೋಪ ಬಂದಾಗಲೂ ಬರೆ, ಆದರೆ ಯಾರಿಗೆ ಅನ್ನುವ ಜಾಗ ಖಾಲಿ ಬಿಡು. ವಿಳಾಸ ಇಲ್ಲದಿದ್ದರೆ ಬೆರಳು ತಪ್ಪಿಯೂ ಹೋಗಲ್ಲ. ಬೆಳಿಗ್ಗೆ ಓದಿ ನೋಡು. ಸಾಮಾನ್ಯವಾಗಿ ಅದರಲ್ಲಿ ಕಳಿಸಲು ಯೋಗ್ಯವಾದ ಒಂದು ವಾಕ್ಯ ಇರುತ್ತದೆ, ಅದನ್ನು ಕಳಿಸು. ಮನೆಯವರ ಜೊತೆ, ಸ್ನೇಹಿತರ ಜೊತೆ ಮಾತ್ರ ಮೆಸೇಜಿನಲ್ಲಿ ಜಗಳ ಆಡಲೇಬೇಡ. ಅಲ್ಲಿ ದನಿ ಕೇಳಿಸಲ್ಲ. ನೀನು ನಗುತ್ತಾ ಬರೆದದ್ದನ್ನು ಅವರು ಹಲ್ಲು ಕಚ್ಚಿಕೊಂಡು ಓದುತ್ತಾರೆ. ಫೋನ್ ಮಾಡು, ಇಲ್ಲ ಹೋಗಿ ಕೂತು ಮಾತಾಡು.

ದುಡ್ಡಿನ ಬಗ್ಗೆ ಜಾಸ್ತಿ ಹೇಳಲ್ಲ, ಅದರಲ್ಲಿ ನೀನು ನನಗಿಂತ ಹುಷಾರು. ಒಂದು ಲೆಕ್ಕ ಮಾತ್ರ ತಲೆಯಲ್ಲಿರಲಿ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಸಾಲ ಎಷ್ಟು ಕಾಲದಲ್ಲಿ ಎರಡರಷ್ಟಾಗುತ್ತದೆ ಅಂತ ಸುಮಾರಾಗಿ ಸಿಗುತ್ತದೆ. ತಿಂಗಳಿಗೆ ಶೇ 3 ಅಂದರೆ ಕಿವಿಗೆ ಏನೂ ಅನ್ನಿಸಲ್ಲ. 72 ಭಾಗಿಸು 3, ಬಂತು 24. ಕಟ್ಟದೆ ಬಿಟ್ಟರೆ ಎರಡು ವರ್ಷಕ್ಕೆ ಸಾಲ ದುಪ್ಪಟ್ಟು. ಯಾರಾದರೂ ದರವನ್ನು ತಿಂಗಳ ಲೆಕ್ಕದಲ್ಲಿ ಹೇಳಿದರೆ ವರ್ಷಕ್ಕೆ ಎಷ್ಟು ಅಂತ ಕೇಳು. ಅಲ್ಲೇ ಅವರ ಮುಂದೆಯೇ ಬರೆದುಕೋ.

ಕಣ್ಣು ಉರಿಯುತ್ತೆ ಅಂದಿದ್ದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರ ಇರುವುದನ್ನು, 20 ಸೆಕೆಂಡ್ ನೋಡು ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೂ ಕಡಿಮೆ, ಕಣ್ಣು ಒಣಗುವುದು ಅದಕ್ಕೇ. ರಾತ್ರಿ ಹನ್ನೆರಡಕ್ಕೆ ಬರೆದ ಮೇಲ್ ಕಳಿಸಿದ್ದೀಯ ಅಂತ ಸಮಯ ನೋಡಿ ಗೊತ್ತಾಯಿತು. ಆ ಹೊತ್ತಿನಲ್ಲಿ ಮಲಗು.

ಕೊನೆಗೆ ಡೈರಿಯ ವಿಷಯ ಕೇಳಿದ್ದೆ. ದಿನಾ ಬರೆಯಲೇಬೇಕು ಅನ್ನುವವರ ಮಾತು ನನಗೆ ಸರಿಬರಲ್ಲ. ಹಾಗೆ ವ್ರತ ಹಿಡಿದವರು ಎರಡು ದಿನ ತಪ್ಪಿದ ಕೂಡಲೇ ಬೇಸರವಾಗಿ ಪುಸ್ತಕವನ್ನೇ ಮೂಲೆಗೆ ಹಾಕುತ್ತಾರೆ. ಬರೆಯಲು ಏನೂ ಇಲ್ಲದ ದಿನ ಬರೆಯಬೇಡ. ಬರೆದ ದಿನ 'ಇವತ್ತು ಬೇಜಾರಾಯಿತು' ಅಂತ ನಿಲ್ಲಿಸಬೇಡ. ಅದನ್ನು ಆರು ತಿಂಗಳಾದ ಮೇಲೆ ಓದಿದರೆ ಯಾವ ಬೇಜಾರು ಅಂತ ನಿನಗೇ ತಿಳಿಯಲ್ಲ. ಯಾರು ಏನಂದರು, ಅವರ ಮಾತಿನಲ್ಲೇ ಬರೆ. ನೀನು ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು, ಅದನ್ನು ಬರೆ. ತಾರೀಖು ಹಾಕು, ವರ್ಷದ ಸಮೇತ. ಹಳೆಯ ಪುಸ್ತಕಗಳಲ್ಲಿ ಬರೀ 'ಮಂಗಳವಾರ' ಅಂತ ಬರೆದಿಟ್ಟು, ಈಗ ಯಾವ ಮಂಗಳವಾರ ಅಂತ ಹುಡುಕುತ್ತಾ ಕೂತಿರುವವರು ನಿಮ್ಮಮ್ಮ. ನಾನು ಹೇಳಿದೆ ಅಂತ ಅವಳಿಗೆ ಹೇಳಬೇಡ.

ಇಂತಿ,
ಅಪ್ಪ